ಆತ್ಮಘೋಷ: ಕುಂದಾಪುರ ಸೀಮೆಯ ಎರಡು ಕಾಗೆಗಳ ಕೂಗಿನ ಬಗ್ಗೆ ಒಂದು ಟಿಪ್ಪಣಿ

ಕಾಗೆಯ ಕುಲದ ಹಕ್ಕಿಗಳನ್ನು ಕೂಗಿನಿಂದಲೇ ಗುರುತಿಸುವುದು ಹೇಗೆಂದು ಪುಸ್ತಕ ತೆರೆದವರಿಗೆ ಮೊದಲು ಎದುರಾಗುವುದು ಇಂಗ್ಲಿಷಿನ ಎರಡು ಹೆಸರು: ಕ್ರೋ ಮತ್ತು ರೇವನ್. ಎರಡನೆಯದಕ್ಕೆ ಕನ್ನಡದಲ್ಲಿ ‘ಕಾಡುಕಾಗೆ’ ಎಂದು ಅರ್ಥ ಹೇಳುವುದುಂಟು. ಗೊಂದಲ ಹುಟ್ಟುವುದೇ ಅಲ್ಲಿಂದ. ಕನ್ನಡ ಬೈಬಲ್ಲಿನಲ್ಲಿ ನೋಹನು ನಾವೆಯಿಂದ ಬಿಟ್ಟ ಹಕ್ಕಿಯೂ ಎಲೀಯನಿಗೆ ಹಳ್ಳದ ಬಳಿ ಆಹಾರ ತಂದ ಹಕ್ಕಿಗಳೂ ‘ಕಾಗೆ’ಗಳೇ. ಅನುವಾದಕರು ಮಾಡಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ರೇವನ್ ಹಕ್ಕಿಯನ್ನು ಕನ್ನಡ ನಾಡಿನ ಓದುಗ ತನ್ನ ಊರಲ್ಲಿ ಕಂಡಿರುವುದು ಸಾಧ್ಯವೇ ಇಲ್ಲ. 1758ರಲ್ಲಿ ಲಿನೇಯಸ್ ಕೊರ್ವಸ್ ಕೊರಾಕ್ಸ್ ಎಂದು ಹೆಸರಿಟ್ಟ ಆ ಹಕ್ಕಿ ಭಾರತದಲ್ಲಿ ಹಿಮಾಲಯದ ಎತ್ತರಗಳಲ್ಲಿ, ಪಂಜಾಬು, ರಾಜಸ್ಥಾನ, ಕಚ್ಛದ ಒಣ ನೆಲಗಳಲ್ಲಿ ಇರುವಂಥದು. ಕೊಕ್ಕಿನಿಂದ ಬಾಲದ ತುದಿಗೆ ಸುಮಾರು 69 ಸೆಂಟಿಮೀಟರ್ ಉದ್ದ, ಒಂದು ಕಿಲೋ ಮೀರುವ ತೂಕ, ಬೆಣೆಯಾಕಾರದ ಬಾಲ, ಗಂಟಲ ಮೇಲೆ ಜೋಲುವ ಗರಿ. ‘ಪ್ರುಕ್, ಪ್ರುಕ್’ ಎಂದು ಆಳದಿಂದ ಎದ್ದು ಬರುವ ದನಿ. ಉತ್ತರದ ಶಿರೂರಿನಿಂದ ದಕ್ಷಿಣದ ಬ್ರಹ್ಮಾವರದವರೆಗೆ ಈ ದನಿ ಎಲ್ಲೂ ಕೇಳದು.

ಹಾಗಾಗಿ ನಮ್ಮ ಸೀಮೆಯ ಮಟ್ಟಿಗೆ ಪ್ರಶ್ನೆಯನ್ನೇ ತಿದ್ದಿಕೊಳ್ಳಬೇಕು. ಇಲ್ಲಿರುವುದು ಎರಡು ಕಾಗೆ. ಒಂದು ಕುತ್ತಿಗೆ ಬೂದಿ ಬಣ್ಣದ ಊರಕಾಗೆ, ಕೊರ್ವಸ್ ಸ್ಪ್ಲೆಂಡೆನ್ಸ್; 1817ರಲ್ಲಿ ವಿಯೆಯೊ ವಿವರಿಸಿದ್ದು. ಇನ್ನೊಂದು ಮೈಯೆಲ್ಲ ಕಪ್ಪು, ಕೊಕ್ಕು ದಪ್ಪ, ಹಣೆ ಉಬ್ಬಿದ ಕಾಡುಕಾಗೆ. ಇವೆರಡನ್ನು ಕಣ್ಣಿಗೆ ಮರೆಯಾಗಿರುವಾಗ, ಬರಿ ಕಿವಿಯಿಂದ ಬೇರ್ಪಡಿಸಲು ಬರುತ್ತದೆಯೇ ಎಂಬುದೇ ಈ ಟಿಪ್ಪಣಿಯ ವಿಷಯ. ಬರುತ್ತದೆ, ಆದರೆ ಒಂದೇ ಕೂಗಿನಿಂದ ಬಾರದು ಎಂಬುದು ನನ್ನ ವಾದ. ಅದಕ್ಕಿಂತ ಹೆಚ್ಚಾಗಿ, ಈ ಎರಡನೆಯ ಕಾಗೆಗೆ ಶಾಸ್ತ್ರದಲ್ಲಿ ಪ್ರತ್ಯೇಕ ಸ್ಥಾನ ದೊರಕಿಸಿಕೊಟ್ಟದ್ದೂ ಅದರ ಕೂಗೇ ಎಂಬುದನ್ನು ತೋರಿಸಬೇಕೆಂದು ಆಸೆ.

ಮೊದಲು ಹೆಸರು. ಕಾಗೆಯ ಹೆಸರಿನಲ್ಲಿ ಅದರ ದನಿ ಇದೆಯೇ ಎಂಬ ಜಗಳ ಬಹಳ ಹಳೆಯದು. ಯಾಸ್ಕನ ನಿರುಕ್ತದ ಮೂರನೆಯ ಅಧ್ಯಾಯದಲ್ಲಿ ‘ಕಾಕ’ ಎಂಬುದು ಶಬ್ದದ ಅನುಕರಣೆಯಿಂದ ಹುಟ್ಟಿದ ಹೆಸರು, ಹಕ್ಕಿಗಳ ಹೆಸರುಗಳಲ್ಲಿ ಇದು ಬಹಳವಾಗಿ ಕಾಣುತ್ತದೆ ಎಂಬ ಮಾತು ಬರುತ್ತದೆ. ಅದರ ಬೆನ್ನಿಗೇ ಔಪಮನ್ಯವನೆಂಬ ಆಚಾರ್ಯನ ಆಕ್ಷೇಪ: ಅನುಕರಣೆಯಿಂದ ಹೆಸರು ಹುಟ್ಟುವುದೇ ಇಲ್ಲ, ಪ್ರತಿ ಹೆಸರಿಗೂ ಧಾತು ಇರಲೇಬೇಕು. ಎರಡೂವರೆ ಸಾವಿರ ವರ್ಷಕ್ಕೆ ಹತ್ತಿರದ ಈ ಚರ್ಚೆಯಲ್ಲಿ ನಾನು ಸಂಕೋಚವಿಲ್ಲದೆ ಮೊದಲ ಪಕ್ಷದವನು. ಕೋಶಕಾರ ಅಮರಸಿಂಹ ಕಾಗೆಗೆ ಕೊಟ್ಟ ಪರ್ಯಾಯಗಳಲ್ಲಿ ‘ಆತ್ಮಘೋಷ’ ಎಂಬುದೊಂದಿದೆ, ತನ್ನ ಹೆಸರನ್ನು ತಾನೇ ಸಾರುವ ಹಕ್ಕಿ ಎಂದು. ಅದೇ ಪಟ್ಟಿಯಲ್ಲಿ ‘ಬಲಿಪುಷ್ಟ’, ‘ಬಲಿಭುಕ್’ ಇವೆ, ಬಲಿಯನ್ನವನ್ನು ತಿಂದು ಬೆಳೆಯುವುದೆಂದು. ಆ ಪಟ್ಟಿ ಮುಗಿದ ಮೇಲೆ, ಬೇರೆಯಾಗಿ, ‘ದ್ರೋಣಕಾಕ’ ಅಥವಾ ‘ಕಾಕೋಲ’ ಎಂಬ ದೊಡ್ಡ ಕಾಗೆ ಬರುತ್ತದೆ. ಉತ್ತರದವರು ಕಾಕೋಲವನ್ನು ರೇವನ್ ಎಂದು ಓದಿಕೊಳ್ಳಬಹುದು. ದಕ್ಷಿಣದ ಓದುಗನಿಗೆ ಆ ಜಾಗದಲ್ಲಿ ಕೂರಲು ಇರುವ ಹಕ್ಕಿ ಕಾಡುಕಾಗೆಯೊಂದೇ. ದೊಡ್ಡ ಕಾಗೆ ಮತ್ತು ಸಾಮಾನ್ಯ ಕಾಗೆ ಎರಡು ಬೇರೆ ಎಂಬ ತಿಳಿವಳಿಕೆ ಕೋಶಕಾರನಿಗೆ ಇತ್ತೆಂಬುದಷ್ಟೇ ಇಲ್ಲಿ ನಮಗೆ ಬೇಕಾದದ್ದು.

ದ್ರಾವಿಡ ಭಾಷೆಗಳ ಕಡೆ ಬಂದರೆ ದನಿ ಇನ್ನೂ ಸ್ಪಷ್ಟ. ತಮಿಳಿನಲ್ಲಿ ಕಾಕ್ಕೈ, ಮಲಯಾಳದಲ್ಲಿ ಕಾಕ್ಕ, ತುಳುವಿನಲ್ಲಿ ಕಕ್ಕೆ, ತೆಲುಗಿನಲ್ಲಿ ಕಾಕಿ. ಬರವಣಿಗೆಯ ಕನ್ನಡ ಮಾತ್ರ ನಡುವಣ ‘ಕ’ಕಾರವನ್ನು ಮೆದುವಾಗಿಸಿ ‘ಕಾಗೆ’ ಎಂದಿತು. ಕುಂದಾಪುರದ ಕನ್ನಡ ಹಾಗೆ ಮಾಡಲಿಲ್ಲ. ಇಲ್ಲಿ ಈಗಲೂ ಅದು ‘ಕಾಕಿ’. ಶಿಷ್ಟ ರೂಪವನ್ನು ಕಲಿತ ಮಕ್ಕಳಿಗೆ ಶಾಲೆಯಲ್ಲಿ ‘ಕಾಕಿ’ ತಪ್ಪೆಂದು ಹೇಳಿಕೊಟ್ಟ ಕಾಲವೊಂದಿತ್ತು. ಹಕ್ಕಿಯ ಬಾಯಲ್ಲಿ ಕೇಳಿದರೆ ಯಾವುದು ಅದಕ್ಕೆ ಹತ್ತಿರವೆಂದು ಯಾರು ಬೇಕಾದರೂ ಹೇಳಬಲ್ಲರು. ‘ಗ’ಕಾರದ ಮೆದುತನ ಯಾವ ಕಾಗೆಯ ಗಂಟಲಿನಲ್ಲೂ ಇಲ್ಲ.

ಎರಡು ಕಾಗೆಗಳಿಗೆ ಎರಡು ಹೆಸರಿಡುವಲ್ಲಿ ನೆರೆಹೊರೆಯ ಭಾಷೆಗಳು ನಮಗಿಂತ ಚುರುಕು. ತಮಿಳರು ಕಾಡುಕಾಗೆಯನ್ನು ಅಂಡಂಕಾಕ್ಕೈ ಎನ್ನುತ್ತಾರೆ, ಮರಾಠಿಗರು ಡೋಮಕಾವಳಾ ಎನ್ನುತ್ತಾರೆ. ಮಲಯಾಳಿಗಳು ಊರಕಾಗೆಗೆ ಪೇನಕ್ಕಾಕ್ಕ, ಕಾಡುಕಾಗೆಗೆ ಬಲಿಕ್ಕಾಕ್ಕ ಎನ್ನುತ್ತಾರೆ. ಈ ಕೊನೆಯ ಹೆಸರು ನನ್ನನ್ನು ಬಹಳ ದಿನ ಕಾಡಿತು. ಅದರ ಮಾತು ಮುಂದೆ. ನಮ್ಮಲ್ಲಿ ಗದ್ದೆಯಂಚಿನ ಮನೆಯ ಅಂಗಳದಲ್ಲಿ ಚಟ್ಲಿ (ಸಿಗಡಿ) ಒಣಹಾಕಿ ಕೋಲು ಹಿಡಿದು ಕಾಯುತ್ತಿದ್ದ ಹಿರಿಯರೊಬ್ಬರನ್ನು ಕೇಳಿದಾಗ ಅವರು ಮರದ ಕಡೆ ತಲೆಯೆತ್ತಿಯೂ ನೋಡದೆ, “ಅದ್ ಹಾಡಿ ಬದಿ ಕಾಕಿ ಮಗಾ, ಸ್ವರ ದಪ್ಪ ಇತ್ತಲೆ” ಎಂದರು. ಹಾಡಿ ಎಂದರೆ ಇಲ್ಲಿ ಊರಿಗೆ ಅಂಟಿದ ಕುರುಚಲು ಕಾಡು. ಆ ಉತ್ತರದಲ್ಲಿ ಎರಡು ಲಕ್ಷಣ ಒಟ್ಟಿಗೇ ಇದ್ದವು: ಹಕ್ಕಿ ಬರುವ ದಿಕ್ಕು, ದನಿಯ ಮೈ. ಇಬ್ಬಗೆಯ ಈ ಸಾಕ್ಷ್ಯವನ್ನು ಶಾಸ್ತ್ರೀಯವಾಗಿ ಬಿಡಿಸಿ ಹೇಳುವುದಷ್ಟೇ ಇನ್ನು ಉಳಿದ ಕೆಲಸ.

ಊರಕಾಗೆ ಸುಮಾರು 43 ಸೆಂಟಿಮೀಟರ್ ಉದ್ದದ ಹಕ್ಕಿ, ಕಾಡುಕಾಗೆ ಸುಮಾರು 48. ಅಳತೆಪಟ್ಟಿಯಲ್ಲಿ ವ್ಯತ್ಯಾಸ ಸಣ್ಣದಾಗಿ ಕಂಡರೂ ತೂಕದಲ್ಲಿ, ಎದೆಯ ಹರವಿನಲ್ಲಿ, ಕೊಕ್ಕಿನ ಗಾತ್ರದಲ್ಲಿ ಅದು ಎದ್ದು ಕಾಣುತ್ತದೆ. ಹಕ್ಕಿಗಳ ದನಿ ಹುಟ್ಟುವುದು ನಮ್ಮಂತೆ ಗಂಟಲ ಮೇಲ್ತುದಿಯಲ್ಲಿ ಅಲ್ಲ. ಶ್ವಾಸನಾಳ ಎರಡಾಗಿ ಕವಲೊಡೆಯುವ ತಳದಲ್ಲಿರುವ ಸಿರಿಂಕ್ಸ್ ಎಂಬ ಅಂಗದಲ್ಲಿ. ಅಲ್ಲಿ ಹುಟ್ಟಿದ ಕಂಪನ ಮೇಲಿನ ಕೊಳವೆ, ಬಾಯಿ, ಕೊಕ್ಕುಗಳನ್ನು ದಾಟಿ ಬರುವಾಗ ಮೈಪಡೆಯುತ್ತದೆ. ದೊಡ್ಡ ಹಕ್ಕಿಯ ಕೊಳವೆ ಉದ್ದ, ಹಾಗಾಗಿ ದನಿ ದಪ್ಪ. ಕಾಗೆಗಳು ಕೋಗಿಲೆಗಿಂತ ಮಡಿವಾಳಕ್ಕೆ ಹತ್ತಿರದ ಸಂಬಂಧಿಗಳು, ಶಾಸ್ತ್ರದ ಲೆಕ್ಕದಲ್ಲಿ ‘ಹಾಡುಹಕ್ಕಿ’ಗಳ ಗುಂಪಿಗೇ ಸೇರಿದವು ಎಂದು ಹೇಳಿದರೆ ಕೇಳುವವರು ನಂಬುವುದಿಲ್ಲ. ಆದರೆ ಹಾಡಲು ಬೇಕಾದ ಯಂತ್ರವೆಲ್ಲ ಅವುಗಳ ಎದೆಯಲ್ಲಿದೆ.

ಊರಕಾಗೆಯ ಸಾಮಾನ್ಯ ಕೂಗು ‘ಕಾಂ… ಕಾಂ’. ಅನುಸ್ವಾರವನ್ನು ಬೇಕೆಂದೇ ಹಾಕಿದ್ದೇನೆ, ಮೂಗಿನ ದನಿ ಅದರ ಮುಖ್ಯ ಗುರುತು. ಸ್ವರ ಸಪೂರ, ತುಸು ಒಣಕಲು, ಕೊನೆಯಲ್ಲಿ ಇಳಿಯುವಂಥದು. ಕಾಡುಕಾಗೆಯದು ‘ಕ್ರಾ’ಗೆ ಹತ್ತಿರದ್ದು, ಒಡೆದ, ಒರಟಾದ, ತುಂಬಿದ ದನಿ. ಇಲ್ಲಿ ಬರಿಯ ಎತ್ತರ ತಗ್ಗನ್ನು ನೆಚ್ಚಿದರೆ ಮೋಸಹೋಗುತ್ತೇವೆ. ಯಕ್ಷಗಾನದ ಊರಲ್ಲಿ ಇದನ್ನು ವಿವರಿಸುವುದು ಸುಲಭ. ಇಬ್ಬರು ಭಾಗವತರು ಒಂದೇ ಶ್ರುತಿಯಲ್ಲಿ ಹಾಡಿದರೂ ಗದ್ದೆಯಾಚೆ ಮಲಗಿ ಕೇಳುವವನು ಇವರು ಇಂಥವರೆಂದು ಹೇಳುತ್ತಾನೆ. ಅವನು ಗುರುತಿಸುವುದು ಶ್ರುತಿಯನ್ನಲ್ಲ, ನಾದದ ಮೈಯನ್ನು. ಕಾಗೆಗಳಲ್ಲೂ ಕಿವಿ ಹಿಡಿಯಬೇಕಾದದ್ದು ಅದನ್ನೇ: ಮೂಗು ಎಷ್ಟು, ಒರಟು ಎಷ್ಟು.

ಮೂರನೆಯ ಲಕ್ಷಣ ಗುಂಪು. ಗಂಗೊಳ್ಳಿಯ ದಕ್ಕೆಗೆ ಬೋಟು ತಾಗುವ ಹೊತ್ತಿನಲ್ಲಿ ಒಂದು ಕಾಗೆ ಕೂಗಿದರೆ ಹತ್ತು ಕೂಗುತ್ತವೆ, ಒಂದರ ಕೂಗಿನ ಮೇಲೆ ಇನ್ನೊಂದರದು ಬಿದ್ದು ಪದ ಯಾವುದು ಪಲ್ಲವಿ ಯಾವುದು ತಿಳಿಯದು. ಅದು ಊರಕಾಗೆಯ ಬದುಕು. ಬೂತಾಯಿ, ಬಂಗುಡೆ ಬುಟ್ಟಿಗೆ ಬೀಳುವಲ್ಲಿ, ಕೈರಂಪಣಿ ಬಲೆ ಎಳೆಯುವ ಕಡಲತಡಿಯಲ್ಲಿ, ಪೇಟೆಯ ಮೀನು ಮಾರ್ಕೆಟ್ಟಿನಲ್ಲಿ ಅದು ಮನುಷ್ಯನ ಹೆಜ್ಜೆಗೆ ಹೆಜ್ಜೆ ಹಾಕಿದೆ. ಮನುಷ್ಯನನ್ನು ಬಿಟ್ಟಿರದ ಈ ಗುಣದಿಂದಲೇ ಅದು ಹಡಗು ಹತ್ತಿ ಆಫ್ರಿಕದ ಪೂರ್ವ ಕರಾವಳಿಯವರೆಗೆ ಹೋಯಿತು. 1994ರಲ್ಲಿ ನೆದರ್‌ಲ್ಯಾಂಡ್ಸಿನ ಬಂದರಿನಲ್ಲೂ ಕಾಣಿಸಿಕೊಂಡಿತು. ಕಾಡುಕಾಗೆ ಹೆಚ್ಚಾಗಿ ಒಂಟಿ ಅಥವಾ ಜೋಡಿ. ಎತ್ತರದ ಮರದ ತುದಿಯಲ್ಲಿ ಕೂತು, ನಡುವೆ ಬಿಡುವು ಕೊಟ್ಟು, ಒಂದೊಂದಾಗಿ ಕೂಗುತ್ತದೆ. ಜೊತೆಯದು ದೂರದಿಂದ ಓಗೊಡುತ್ತದೆ. ಕೊಲ್ಲೂರಿನ ಕಡೆ, 1974ರಲ್ಲಿ ಘೋಷಿತವಾದ ಮೂಕಾಂಬಿಕಾ ವನ್ಯಜೀವಿಧಾಮದ ಅಂಚಿನಲ್ಲಿ, ಬೆಳಗಿನ ಹೊತ್ತು ಇಂಥ ಎರಡು ದನಿಗಳ ನಡುವಣ ಮೌನವನ್ನು ಕೇಳುವುದೇ ಒಂದು ಅನುಭವ. ಆ ಬಿಡುವು ಊರಕಾಗೆಗೆ ಬಾರದು.

ಹಾಗೆಂದು ಕಡಲು ಊರಕಾಗೆಗೆ, ಕಾಡು ಕಾಡುಕಾಗೆಗೆ ಎಂದು ಹಂಚಿಬಿಡುವಂತಿಲ್ಲ. ನಮ್ಮ ಸೀಮೆಯ ಕಷ್ಟವೂ ಸೊಗಸೂ ಇಲ್ಲೇ. ಪಂಚಗಂಗಾವಳಿಯಲ್ಲಿ ಐದು ಹೊಳೆ ಕೂಡುವಂತೆ ತೆಂಗಿನ ತೋಟ, ಹಾಡಿ, ಗದ್ದೆ, ದಕ್ಕೆ ಎಲ್ಲ ಒಂದರೊಳಗೊಂದು ನುಗ್ಗಿವೆ. ಕೋಟ, ಸಾಲಿಗ್ರಾಮದ ಮನೆಯಂಗಳಗಳಲ್ಲಿ ಎರಡೂ ಕಾಗೆ ಒಂದೇ ಹಲಸಿನ ಮರಕ್ಕೆ ಬರುತ್ತವೆ. ಜಾಗ ಸುಳುಹು ಕೊಡುತ್ತದೆ, ತೀರ್ಪು ಕೊಡುವುದಿಲ್ಲ.

ಮೋಸದ ಸಂದರ್ಭಗಳನ್ನು ತುಸು ವಿಸ್ತಾರವಾಗಿಯೇ ಹೇಳಬೇಕು, ಹೊಸಬರ ದಾಖಲೆಗಳು ಕೆಡುವುದು ಅಲ್ಲಿಯೇ. ಎಲ್ಲಕ್ಕಿಂತ ದೊಡ್ಡದು ಮರಿಗಳ ಕಾಟ. ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ ಗೂಡು ಬಿಟ್ಟ ಕಾಡುಕಾಗೆಯ ಮರಿ ರೆಕ್ಕೆ ನಡುಗಿಸುತ್ತ ಬಾಯ್ತೆರೆದು ಬೇಡುವಾಗ ಅದರ ದನಿ ಸಪೂರ, ಮೂಗಿನದು. ಹೊಸ ಕಿವಿಗೆ ಅದು ಊರಕಾಗೆಯೇ. ಮರಿ ಎಂಬುದಕ್ಕೆ ಗುರುತು ಒತ್ತೊತ್ತಾಗಿ ಬರುವ ಕೂಗು. ತುತ್ತು ಬಾಯಿಗೆ ಬಿದ್ದ ಕ್ಷಣ ಆ ಕೂಗು ಗುಟುಕಿನಲ್ಲಿ ಮುಳುಗಿ ಗುಳುಗುಳು ಆಗುತ್ತದೆ. ಅಷ್ಟು ಹೊತ್ತು ಕಾದರೆ ತಾಯಿಯ ದನಿಯೂ ಸಿಗುತ್ತದೆ.

ಅದೇ ತಿಂಗಳುಗಳಲ್ಲಿ ಕೋಗಿಲೆಯ ಆಟವೂ ನಡೆದಿರುತ್ತದೆ. ಕೋಗಿಲೆ ಮೊಟ್ಟೆಯಿಡುವುದು ಕಾಗೆಯ ಗೂಡಿನಲ್ಲೆಂಬುದು ಎಲ್ಲರಿಗೂ ಗೊತ್ತು. ಹೆಚ್ಚಾಗಿ ಊರಕಾಗೆಯ ಗೂಡಿನಲ್ಲಿ. ಅಲ್ಲಿ ಹುಟ್ಟಿದ ಕೋಗಿಲೆಮರಿ ‘ಕುಹೂ’ ಎನ್ನುವುದಿಲ್ಲ. ಆಹಾರ ಬೇಡುವ ಅದರ ಕೂಗು ಕಾಗೆಮರಿಯ ಕೂಗನ್ನು ಹೋಲುವಂಥದು. ಎಲೆಮರೆಯಲ್ಲಿ ಕೇಳಿದ ‘ಕಾಗೆಮರಿ’ ಕಾಗೆಯೇ ಅಲ್ಲದಿರಬಹುದು. ‘ಪರಭೃತ’ ಎಂದು ಕವಿಗಳು ಕೋಗಿಲೆಯನ್ನು ಕರೆದರು. ಸಾಕಿದವಳ ಭಾಷೆಯಲ್ಲೇ ಅದು ಮೊದಲ ತುತ್ತು ಕೇಳುತ್ತದೆ.

ಮೂರನೆಯ ಮೋಸ ಸಿಟ್ಟಿನದು. ಗೂಬೆಯನ್ನೋ ಗಿಡುಗನನ್ನೋ ಅಟ್ಟುವಾಗ ಊರಕಾಗೆಯ ದನಿ ಒರಟಾಗಿ ಒಡೆದು ಕಾಡುಕಾಗೆಯ ಹತ್ತಿರಕ್ಕೆ ಬಂದುಬಿಡುತ್ತದೆ. ಇಂಥ ಗಲಾಟೆಯ ಕೂಗಿನಿಂದ ಜಾತಿ ತೀರ್ಮಾನಿಸಬಾರದೆಂದು ನಾನು ನಿಯಮವನ್ನೇ ಮಾಡಿಕೊಂಡಿದ್ದೇನೆ. ಇನ್ನು ಘಟ್ಟದಂಚಿನ ಕಾಡಿನಲ್ಲಿ ಭೀಮರಾಜ ಹಕ್ಕಿಯಿದೆ. ಬಾಲದಲ್ಲಿ ಎರಡು ಉದ್ದನೆಯ ತಂತಿ, ತುದಿಯಲ್ಲಿ ಗರಿಯ ಕುಚ್ಚು. ಯಾರ ದನಿಯನ್ನೂ ಅನುಕರಿಸಬಲ್ಲದು. ಹಾಗಾಗಿ ಕೊಲ್ಲೂರಿನ ಸುತ್ತ ಒಂದೇ ಒಂದು ಕೂಗು ಕೇಳಿ ಹೆಸರು ಬರೆಯುವುದು ದುಡುಕು.

ಇವೆಲ್ಲಕ್ಕೂ ಹೊರತಾದ ಒಂದು ವರ್ಗವಿದೆ, ಮೆಲುದನಿಗಳು. ಮಧ್ಯಾಹ್ನದ ಬಿಸಿಲಿಗೆ ತೆಂಗಿನ ಸೋಗೆಯ ನೆರಳಲ್ಲಿ ಜೋಡಿ ಊರಕಾಗೆ ಒಂದರ ಕುತ್ತಿಗೆಯನ್ನು ಇನ್ನೊಂದು ಕೊಕ್ಕಿನಿಂದ ಬಾಚುವಾಗ ‘ಕುರ್ರ್’ ಎಂಬ, ಹತ್ತು ಮಾರಿನಾಚೆ ಕೇಳದ ದನಿ ಬರುತ್ತದೆ. ಇದನ್ನು ಕೇಳಿದವರು ಕಾಗೆಯ ಸ್ವರ ಕರ್ಕಶವೆಂಬ ಮಾತನ್ನು ಮತ್ತೆ ಅಷ್ಟು ಸುಲಭವಾಗಿ ಆಡಲಾರರು. ಕಾಡುಕಾಗೆಗೂ ಗಂಟಲೊಳಗಿನ ಇಂಥ ಗೊಣಗು, ಟಕ್ ಟಕ್ ಎಂಬ ಒಳಸದ್ದುಗಳಿವೆ. ಗುರುತಿಸುವಿಕೆಗೆ ಇವುಗಳಿಂದ ಉಪಯೋಗ ಕಡಿಮೆ, ಏಕೆಂದರೆ ಅಷ್ಟು ಹತ್ತಿರದಲ್ಲಿ ಹಕ್ಕಿ ಕಣ್ಣಿಗೇ ಕಾಣುತ್ತದೆ. ಆದರೂ ಬಿಡಲು ಮನಸ್ಸಾಗಲಿಲ್ಲ.

ಈಗ ಶಾಸ್ತ್ರದ ಹೆಸರಿನ ಕಥೆ. 1832ರಲ್ಲಿ ಕರ್ನಲ್ ಸೈಕ್ಸ್ ದಖ್ಖನ್ನಿನ ಹಕ್ಕಿಗಳ ಪಟ್ಟಿ ಪ್ರಕಟಿಸಿದಾಗ ಅಲ್ಲಿಯ ಕಪ್ಪು ಕಾಗೆಗೆ ಕೊರ್ವಸ್ ಕಲ್ಮಿನೇಟಸ್ ಎಂದು ಹೆಸರಿಟ್ಟ. ಮದ್ರಾಸ್ ಪ್ರಾಂತ್ಯದಲ್ಲಿ ವೈದ್ಯನಾಗಿದ್ದ ಜೆರ್ಡನ್ 1862ರಿಂದ 1864ರವರೆಗೆ ಹೊರತಂದ ತನ್ನ ದೊಡ್ಡ ಗ್ರಂಥದಲ್ಲಿ ಇದನ್ನು ‘ಇಂಡಿಯನ್ ಕಾರ್ಬಿ’ ಎಂದು ಕರೆದ. ಕಾರ್ಬಿ ಎಂಬುದು ಸ್ಕಾಟ್ಲೆಂಡಿನವರು ರೇವನ್ನಿಗೂ ಹೆಣ ತಿನ್ನುವ ಕಾಗೆಗೂ ಬಳಸುವ ಮಾತು. ನಮ್ಮ ಕಾಡುಕಾಗೆಗೆ ರೇವನ್ನಿನ ನೆರಳು ಅಂಟಿದ್ದರಲ್ಲಿ ಇಂಥ ಹೆಸರುಗಳ ಪಾಲೂ ಇದ್ದೀತು. ಮುಂದೆ ಬಹುಕಾಲ, ಏಷ್ಯಾದ ಉದ್ದಗಲಕ್ಕೂ ಹರಡಿದ ದಪ್ಪಕೊಕ್ಕಿನ ಕಾಗೆಗಳೆಲ್ಲ ಒಂದೇ ಎಂದು ಬಗೆದು, 1827ರಲ್ಲಿ ವಾಗ್ಲರ್ ಇಟ್ಟ ಕೊರ್ವಸ್ ಮ್ಯಾಕ್ರೊರಿಂಕಸ್ ಎಂಬ ಹೆಸರಿನಡಿ ಇದನ್ನು ಉಪಪ್ರಭೇದವಾಗಿ ಸೇರಿಸಿದರು. ಮ್ಯೂಸಿಯಮ್ಮಿನ ಸೊಪ್ಪೆ ತುಂಬಿದ ಹಕ್ಕಿಗಳನ್ನು ಸಾಲಾಗಿ ಮಲಗಿಸಿ ಅಳೆಯುವವರಿಗೆ ಬೇರೆ ದಾರಿಯೂ ಇರಲಿಲ್ಲ. ಎಲ್ಲವೂ ಕಪ್ಪು, ಎಲ್ಲದರ ಕೊಕ್ಕೂ ದಪ್ಪ, ಅಳತೆಗಳು ಒಂದರೊಳಗೊಂದು ಬೆರೆಯುವಂಥವು.

ಅಳತೆಪಟ್ಟಿ ಸೋತಲ್ಲಿ ಕಿವಿ ಕೆಲಸ ಮಾಡಿತು. ಜರ್ಮನಿಯ ಯೊಹೆನ್ ಮಾರ್ಟೆನ್ಸ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಲೇಖನ ಈ ಗುಂಪಿನ ಕಾಗೆಗಳ ಕೂಗನ್ನು ವರ್ಗೀಕರಣದ ಸಾಕ್ಷ್ಯವಾಗಿ ಪರಿಶೀಲಿಸಿತು. 2005ರಲ್ಲಿ ಪಮೇಲಾ ರಾಸ್ಮುಸೆನ್ ಮತ್ತು ಜಾನ್ ಆಂಡರ್ಟನ್ ದಕ್ಷಿಣ ಏಷ್ಯಾದ ಹಕ್ಕಿಗಳ ಕುರಿತ ಗ್ರಂಥದಲ್ಲಿ, ಮುಖ್ಯವಾಗಿ ದನಿಯ ವ್ಯತ್ಯಾಸವನ್ನು ಆಧರಿಸಿ, ಪರ್ಯಾಯ ದ್ವೀಪದ ನಮ್ಮ ಕಾಡುಕಾಗೆಯನ್ನು ಮತ್ತೆ ಸೈಕ್ಸ್ ಇಟ್ಟ ಹೆಸರಿಗೇ ಮರಳಿಸಿ ಪ್ರತ್ಯೇಕ ಪ್ರಭೇದವಾಗಿ ನಿಲ್ಲಿಸಿದರು. ಎಲ್ಲ ಪಟ್ಟಿಗಳೂ ಇದನ್ನು ಒಪ್ಪಲಿಲ್ಲ, ಕೆಲವು ಈಗಲೂ ಉಪಪ್ರಭೇದವೆಂದೇ ಬರೆದುಕೊಂಡಿವೆ. ವಾದ ಯಾವ ಕಡೆ ತೀರಿದರೂ ಒಂದು ಮಾತು ಉಳಿಯುತ್ತದೆ: ಸತ್ತ ಹಕ್ಕಿ ಹೇಳದಿದ್ದುದನ್ನು ಬದುಕಿದ ಹಕ್ಕಿಯ ದನಿ ಹೇಳಿತು. ಅಮರಸಿಂಹನ ‘ಆತ್ಮಘೋಷ’ಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ಕಂಡಿಲ್ಲ.

ಬಲಿಕ್ಕಾಕ್ಕದ ಮಾತಿಗೆ ಮರಳುತ್ತೇನೆ. ಮಹಾಲಯದ ಪಕ್ಷದಲ್ಲಿ, ಶ್ರಾದ್ಧದ ದಿನಗಳಲ್ಲಿ, ಕುಡಿ ಬಾಳೆಯೆಲೆಯಲ್ಲಿ ಅನ್ನ ಇಟ್ಟು ಮನೆಯ ಯಜಮಾನ ಹಿಂದೆ ಸರಿದು ನಿಲ್ಲುತ್ತಾನೆ, ಮರಗಳ ಕಡೆ ಮುಖಮಾಡಿ ‘ಕಾ, ಕಾ’ ಎಂದು ಕರೆಯುತ್ತಾನೆ. ಕಾಗೆ ಮುಟ್ಟದೆ ಮನೆಯವರು ಉಣ್ಣುವಂತಿಲ್ಲ. ನನ್ನ ಕುತೂಹಲ ಮನುಷ್ಯನ ಈ ಕೂಗಿನ ಬಗ್ಗೆ. ನಾನು ಕೇಳಿದ ಮಟ್ಟಿಗೆ ಇಲ್ಲಿಯ ಜನರ ‘ಕಾ ಕಾ’ ಸಪೂರ, ಎತ್ತರದ್ದು, ಒತ್ತೊತ್ತಾಗಿ ಬರುವಂಥದು, ಊರಕಾಗೆಗೆ ಹತ್ತಿರದ್ದು. ಕೇರಳದ ಹೆಸರು ಮಾತ್ರ ಬಲಿಯನ್ನವನ್ನು ಕಾಡುಕಾಗೆಗೆ ಕೊಟ್ಟಿದೆ. ನಮ್ಮಲ್ಲಿ ಮೊದಲು ಬರುವುದು ಯಾವುದೆಂದು ಕೇಳಿದರೆ, ಯಾವುದಾದರೂ ಸರಿ, ಬಂದರೆ ಸಾಕು ಎನ್ನುವ ಉತ್ತರ ಸಿಗುತ್ತದೆ. ಅಗಲಿದವರಿಗಾಗಿ ಕಾಯುತ್ತ ನಿಂತವರ ಮುಖ ನೋಡಿದ ಮೇಲೆ ಆ ಹೊತ್ತಿನಲ್ಲಿ ನೋಟ್‌ಬುಕ್ಕು ತೆಗೆಯುವುದನ್ನು ಬಿಟ್ಟಿದ್ದೇನೆ. ದನಿಯನ್ನು ನೆನಪಿಟ್ಟುಕೊಂಡು ಆಮೇಲೆ ಬರೆಯುತ್ತೇನೆ.

ಈ ಕೆಲಸವನ್ನು ಮುಂದುವರಿಸಬಯಸುವ ತರುಣರಿಗೆ ಈಗ ಸಲಕರಣೆಯ ಕೊರತೆಯಿಲ್ಲ. ಕೈಯಲ್ಲಿರುವ ಮೊಬೈಲಿನಲ್ಲೇ ಧ್ವನಿ ಮುದ್ರಿಸಿ, ಕೂಗಿನ ಚಿತ್ರವನ್ನು ತೆರೆಯ ಮೇಲೆ ನೋಡಬಹುದು. ಅದರಲ್ಲಿ ಊರಕಾಗೆಯ ಮೂಗಿನ ದನಿ ಮೆಟ್ಟಿಲಂತೆ ಒಂದರ ಮೇಲೊಂದು ಕೂತ ಪಟ್ಟಿಗಳಾಗಿ ಕಾಣುತ್ತದೆ. ದನಿ ಒರಟಾದಷ್ಟೂ ಆ ಪಟ್ಟಿಗಳು ಮಸುಕಾಗಿ ಒಂದರೊಳಗೊಂದು ಕರಗುತ್ತವೆ. 2005ರಲ್ಲಿ ಶುರುವಾದ ಜೆನೊ-ಕ್ಯಾಂಟೊ ಎಂಬ ಮುಕ್ತ ಸಂಗ್ರಹಕ್ಕೆ ಯಾರು ಬೇಕಾದರೂ ದನಿ ಸೇರಿಸಬಹುದು. ನಾನು ಕೇಳಿಕೊಳ್ಳುವುದು ಇಷ್ಟೇ: ಮುದ್ರಿಸುವಾಗ ಕೂಗಿಗೆ ಮುಂಚಿನ ಮತ್ತು ಅನಂತರದ ಒಂದೊಂದು ನಿಮಿಷವನ್ನೂ ಉಳಿಸಿಕೊಳ್ಳಿ. ಬಿಡುವು, ಓಗೊಡುವಿಕೆ, ಗುಂಪಿನ ಗಾತ್ರ ಎಲ್ಲ ಸಿಗುವುದು ಆ ಎರಡು ನಿಮಿಷಗಳಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ 61 ದಿನ ದಕ್ಕೆಯ ಇಂಜಿನುಗಳು ಸುಮ್ಮನಿರುತ್ತವೆ. ಮಳೆ ಬಿಟ್ಟ ಸಣ್ಣ ಸಣ್ಣ ಹೊಳವುಗಳಲ್ಲಿ ಕೇಳಲು ಅದು ಒಳ್ಳೆಯ ಕಾಲ.

ನನ್ನ ಪುಸ್ತಕದಲ್ಲಿ ಇನ್ನೂ ಹೆಸರು ತುಂಬದ ಒಂದು ಸಾಲಿದೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ. ಮಬ್ಬು ಹರಿಯುವ ಮುಂಚೆ ಹೊಳೆಯಾಚೆಯ ತೆಂಗಿನ ತೋಟದಿಂದ ಮೂರು ಕೂಗು ಬಂತು. ದನಿ ದಪ್ಪ, ತುಸು ಮೂಗಿನದು, ನಡುವೆ ಬಿಡುವಿತ್ತು. ಆಮೇಲೆ ಕಡಲ ಅಬ್ಬರ ಎದ್ದು ಮತ್ತೇನೂ ಕೇಳಲಿಲ್ಲ. ಆ ಸಾಲಿನಲ್ಲಿ ಜಾಗ, ಹೊತ್ತು, ಗಾಳಿಯ ದಿಕ್ಕು ಬರೆದಿದ್ದೇನೆ. ಹಕ್ಕಿಯ ಹೆಸರಿನ ಅಂಕಣದಲ್ಲಿ ‘ಕಾಕಿ’ ಎಂದಷ್ಟೇ ಇದೆ.